ಬಲವಾದ ಎದುರಾಳಿ

"ನಮ್ಮ ಕ್ವಾಂಟಮ್ ಯಂತ್ರ ಗೆದ್ದಾಗಿದೆ ಸಾರ್. ಇನ್ನೂ ಬಲವಾದ ಎದುರಾಳಿಯನ್ನು ನಾವೇ ಹುಡುಕಿಕೊಂಡು ಹೋಗಬೇಕೆ?" ಎಂದು ಶಿಷ್ಯ ಕೇಳಿದ. ಅವನ ಪ್ರಬಂಧ ಅಚ್ಚಿಗೆ ಹೋಗುವುದರಲ್ಲಿತ್ತು.

ಗುರುಗಳು ಅದನ್ನು ಪಕ್ಕಕ್ಕಿಟ್ಟು ಒಂದು ಕತೆ ಹೇಳಿದರು.

ಗೆದ್ದೆ ಎನ್ನುವ ಮೊದಲು ಇರುವವರಲ್ಲೇ ಬಲಶಾಲಿಯೊಡನೆ ಸೆಣಸಿರಬೇಕು. ಇದು ಒಂದು ಪ್ರಯೋಗಶಾಲೆಯ ನಿಯಮ. ಅಲ್ಲಿ ಎಲ್ಲರಿಗೂ ಅದು ಗೊತ್ತಿತ್ತು, ಎಲ್ಲರೂ ಮುರಿದಿದ್ದರು.

ಅಲ್ಲಿ ಒಬ್ಬಳು ಕ್ವಾಂಟಮ್ ಯಂತ್ರಕ್ಕೆ ಕ್ಯೂಬಿಟ್ ಮಾಡುತ್ತಿದ್ದಳು. ಅವಳ ಕ್ಯೂಬಿಟ್ ಎಂದರೆ ಕೂದಲಿಗಿಂತ ತೆಳುವಾದ ಲೋಹದ ಉಂಗುರ. ಪರಮಶೀತದಲ್ಲಿ ಆ ಲೋಹ ವಿದ್ಯುತ್ತಿಗೆ ಯಾವ ತಡೆಯನ್ನೂ ಒಡ್ಡುವುದಿಲ್ಲ. ಆಗ ವಿದ್ಯುತ್ತು ಉಂಗುರದಲ್ಲಿ ಎಡಕ್ಕೂ ಬಲಕ್ಕೂ ಏಕಕಾಲದಲ್ಲಿ ಹರಿಯುತ್ತದೆ. ಇಂಥ ನೂರಾರು ಉಂಗುರಗಳನ್ನು ಒಂದಕ್ಕೊಂದು ಬೆಸೆದು, ಸುತ್ತಲಿನ ಕಾಂತಬಲವನ್ನು ಹದವಾಗಿ ಬದಲಿಸುತ್ತ ಹೋದರೆ, ಪ್ರತಿಯೊಂದೂ ಎಡವೋ ಬಲವೋ ಒಂದು ದಿಕ್ಕು ಹಿಡಿದು ನಿಲ್ಲುತ್ತದೆ. ಅವು ನಿಂತ ಬಗೆಯೇ ಸಮಸ್ಯೆಗೆ ಉತ್ತರ. ಆರು ವರ್ಷ ಅವಳು ಆ ಹದಕ್ಕಾಗಿ ದುಡಿದಿದ್ದಳು. ಅಷ್ಟು ಶುದ್ಧವಾದ ಉಂಗುರವನ್ನು ಅಲ್ಲಿ ಬೇರೆ ಯಾರೂ ಮಾಡಿರಲಿಲ್ಲ.

ನಾನೂರು ಹಳ್ಳಿಗಳ ಹಾಲನ್ನು ಕಡಿಮೆ ದಾರಿಯಲ್ಲಿ ಡೇರಿಗೆ ತರುವುದು ಹೇಗೆ? ಈ ಸಮಸ್ಯೆಯನ್ನು ಅವಳ ಯಂತ್ರವು ಪರಿಶೀಲನೆಗೆ ಬರುವ ತಜ್ಞರ ಮುಂದೆ ಬಿಡಿಸಿ ತೋರಿಸಬೇಕಿತ್ತು. ಗೆದ್ದರೆ ಅವಳ ಕೈಕೆಳಗೆ ಇನ್ನೂ ದೊಡ್ಡ ಯಂತ್ರ. ಸೋತರೆ ಅವಳ ಕೋಣೆಗೆ ಬೀಗ.

ಎದುರಾಳಿ ಒಂದು ಸಾಧಾರಣ ಕಂಪ್ಯೂಟರ್. ಅದರಲ್ಲಿದ್ದ ಪ್ರೋಗ್ರಾಂ ಇಪ್ಪತ್ತು ವರ್ಷ ಹಳೆಯದು. ಪ್ರಯೋಗಶಾಲೆಯ ಪ್ರತಿಯೊಂದು ಕ್ವಾಂಟಮ್ ಯಂತ್ರವೂ ಅದನ್ನೇ ಸೋಲಿಸಿ ಹೆಸರು ಮಾಡಿತ್ತು. ಅದನ್ನು ತಿದ್ದಲು ಯಾರೂ ಹೋಗಿರಲಿಲ್ಲ. ಅದು ಎರಡು ನಿಮಿಷ ತೆಗೆದುಕೊಳ್ಳುತ್ತಿತ್ತು, ಅವಳ ಯಂತ್ರಕ್ಕೆ ಇಪ್ಪತ್ತು ಸೆಕೆಂಡು ಸಾಕು.

ಅವಳು ಮೂರು ವಾರ ಉಂಗುರಗಳನ್ನು ಮುಟ್ಟಲಿಲ್ಲ. ಆ ಹಳೆಯ ಪ್ರೋಗ್ರಾಮನ್ನು ಕೈಗೆತ್ತಿಕೊಂಡು, ಉಂಗುರಗಳಿಗೆ ತೋರಿದಷ್ಟೇ ಶ್ರದ್ಧೆಯಿಂದ ಸಾಲು ಸಾಲಾಗಿ ತಿದ್ದಿದಳು. ಕೊನೆಗೆ ಅದು ಒಂಬತ್ತು ಸೆಕೆಂಡಿಗೆ ಇಳಿಯಿತು. ಅವಳು ನೇರವಾಗಿ ಹೋಗಿ ಪ್ರಯೋಗಶಾಲೆಯ ಮುಖ್ಯಸ್ಥನಿಗೆ ತಿಳಿಸಿದಳು.

"ಏನಮ್ಮಾ, ಧಾರೆಗೆ ಕೂತ ಮೇಲೆ ಗಂಡಿನ ಜಾತಕ ತೆಗೀತೀಯಾ?" ಎಂದು ಅವನು ನಕ್ಕ. "ಹಳೇದನ್ನೇ ಇಡು. ಯಾರೂ ಕೇಳಲ್ಲ."

"ಕೇಳಲ್ಲ ಅಂತ ನನಗೂ ಗೊತ್ತು ಸಾರ್," ಎಂದಳು ಅವಳು.

ಮರುದಿನ ತಜ್ಞರು ಬಂದು ಕುಳಿತರು. ಅವಳು ಮುಂದೆ ಬಂದು, ತಾನು ತಿದ್ದಿದ ಪ್ರೋಗ್ರಾಮನ್ನು ಕಂಪ್ಯೂಟರಿಗೆ ಹಾಕಿದಳು. ಏನು ತಿದ್ದಿದೆ, ಏಕೆ ತಿದ್ದಿದೆ ಎಂದು ಅವರಿಗೆ ವಿವರಿಸಿದಳು. ಆಮೇಲೆ ತನ್ನ ಕೈಯಿಂದಲೇ ಎರಡನ್ನೂ ಒಟ್ಟಿಗೆ ಚಾಲೂ ಮಾಡಿದಳು. ಕಂಪ್ಯೂಟರ್ ಉತ್ತರ ಕೊಟ್ಟಾಗ ಅವಳ ಯಂತ್ರ ಇನ್ನೂ ಅರ್ಧ ದಾರಿಯಲ್ಲಿತ್ತು. ಎರಡೂ ಅಂಕಿಗಳನ್ನು ಅವಳು ಹಲಗೆಯ ಮೇಲೆ ದೊಡ್ಡದಾಗಿ ಬರೆದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಅಂದರೆ ಅವಳಿಗೆ ತನ್ನ ಯಂತ್ರದ ಮೇಲೆ ನಂಬಿಕೆ ಇರಲಿಲ್ಲವೇ ಸಾರ್?"

"ತಮ್ಮ ಯಂತ್ರಗಳ ಮೇಲೆ ನಂಬಿಕೆ ಇರದಿದ್ದದ್ದು ಮಿಕ್ಕವರಿಗೆ," ಎಂದರು ಗುರುಗಳು.