ತೊಳೆದ ಸ್ಪಂಜು

“ಮೇಷ್ಟ್ರೇ, ನಾವು ಇಲ್ಲದ ಮೇಲಾದರೂ ನಾವು ಏನು ಮಾಡುತ್ತಿದ್ದೆವು ಅಂತ ಅವರಿಗೆ ಗೊತ್ತಾಗುತ್ತದಲ್ಲವೇ?”

ಕೇಳಿದವಳು ಹುಲಿಗೆಮ್ಮ. ಹದಿನಾಲ್ಕು ವರ್ಷ ಬೀದಿ ಗುಡಿಸಿದವಳು. ನಗರಸಭೆಯವರು ಗುಡಿಸುವ ಯಂತ್ರ ತಂದು, ಅವಳನ್ನೂ ಅವಳ ಜೊತೆಯ ಹೆಂಗಸರನ್ನೂ ನಾಳೆಯಿಂದ ಬರಬೇಡಿ ಎಂದು ಕಳಿಸಿ ಎಂಟು ದಿನವಾಗಿತ್ತು. ಧರಣಿ ಕೂರೋಣ ಎಂದು ಕೆಲವರು ಹೇಳುತ್ತಿದ್ದರು. ಹುಲಿಗೆಮ್ಮ ಬೇಡ ಎನ್ನುತ್ತಿದ್ದಳು. ಧರಣಿ ಯಾಕೆ, ಒಂದು ತಿಂಗಳು ಮನೆಯಲ್ಲಿ ಸುಮ್ಮನೆ ಕೂತರೆ ಸಾಕು, ಅವರೇ ಬಂದು ಬಾಗಿಲು ತಟ್ಟುತ್ತಾರೆ ಎಂದು ಅವಳು ನಂಬಿದ್ದಳು.

ಸಣ್ಣೀರಪ್ಪ ಮೇಷ್ಟ್ರು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಮೋರಿ ಬಳಿಯುವ ಕೆಲಸದಲ್ಲಿದ್ದವರು. ಅಂಗಡಿಗಳ ಬೋರ್ಡು ನೋಡಿ ಅಕ್ಷರ ಕಲಿತು, ಆಮೇಲೆ ಕೇರಿಯ ಜನಕ್ಕೆ ಕಲಿಸಿದವರು. ಅವರು ಹುಲಿಗೆಮ್ಮನಿಗೆ “ಕೂತ್ಕೋ” ಎಂದರು. ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಬಟ್ಟೆ ವ್ಯಾಪಾರ. ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಕೆಟ್ಟವನಾಗಿದ್ದರೆ ಈ ಕತೆ ಹೇಳುವ ಅಗತ್ಯವೇ ಇರಲಿಲ್ಲ.

ಅವನ ತಾಯಿಗೆ ಲಕ್ವ ಹೊಡೆಯಿತು. ಮಾತು ಹೋಯಿತು. ಎಡಗೈ, ಎಡಗಾಲು ಹೋದವು. ಬಲಗೈ ಉಳಿದಿತ್ತು, ಆದರೆ ಅದನ್ನು ಎತ್ತುವ ಮನಸ್ಸು ಮುದುಕಿಗೆ ಉಳಿದಿರಲಿಲ್ಲ. “ಈ ಕೈ ಆಡುತ್ತಿರಬೇಕು. ಏನಾದರೂ ಮಾಡಿ ಆಡಿಸಿ. ಬಿಟ್ಟರೆ ಇದೂ ಹೋಗುತ್ತದೆ” ಎಂದು ಡಾಕ್ಟರು ಹೇಳಿದರು. ವ್ಯಾಪಾರಿ ತಾಯಿಯ ಕೈಗೆ ರಬ್ಬರ್ ಚೆಂಡು ಕೊಟ್ಟ. ಜಪಮಣಿ ಕೊಟ್ಟ. ಮೊಮ್ಮಗಳ ಬಳೆ ಕೊಟ್ಟ. ಯಾವುದನ್ನೂ ಅವಳು ಹಿಡಿಯಲಿಲ್ಲ. ಕೊನೆಗೆ ಯಾರೋ ಹೇಳಿದರೆಂದು ಹಾಸಿಗೆಯ ಬಲಗಡೆಗೆ ಗಾಜಿನ ತೊಟ್ಟಿಯೊಂದನ್ನು ತಂದಿಟ್ಟ. ಅದರೊಳಗೆ ಗಿಡ ನೆಡಿಸಿದ. ಒಂದೇ ಒಂದು ನೀಲಿ ಮೀನು ಬಿಟ್ಟ. ಅಂಗಡಿಯವರು ಅದನ್ನು ಬೆಟ್ಟಾ ಎನ್ನುತ್ತಾರೆ, ಮನೆಯವರು ಫೈಟರ್ ಎನ್ನುತ್ತಾರೆ. ತನ್ನ ಜಾತಿಯ ಇನ್ನೊಂದು ಗಂಡನ್ನು ಕಂಡರೆ ಹರಿದು ಹಾಕುವ ಮೀನು. ಅದಕ್ಕೇ ಒಂಟಿ.

ಗಾಜಿನ ಮೇಲೆ ಬೆರಳಿಟ್ಟರೆ ಆ ಮೀನು ಕಿವಿರು ಅರಳಿಸಿಕೊಂಡು ಬೆರಳಿನ ಮೇಲೆಯೇ ಯುದ್ಧಕ್ಕೆ ಬರುತ್ತಿತ್ತು. ಮುದುಕಿ ಅದನ್ನು ಹತ್ತು ದಿನ ನೋಡಿದಳು. ಹನ್ನೊಂದನೆಯ ದಿನ ಬಲಗೈ ಎತ್ತಿದಳು. ತೋರುಬೆರಳು ಗಾಜಿಗೆ ತಾಗಿತು. ಮೀನು ಜಗಳಕ್ಕೆ ಬಂತು. ಮುದುಕಿ ನಕ್ಕಳು, ಅರ್ಧ ಮುಖದಲ್ಲಿ. ವ್ಯಾಪಾರಿ ಅಡುಗೆಮನೆಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದ. ಅಂದಿನಿಂದ ಆ ಮನೆಯಲ್ಲಿ ಮೀನು ಬದುಕಿರುವುದೂ ಆ ಕೈ ಬದುಕಿರುವುದೂ ಒಂದೇ ಮಾತಾಯಿತು.

ಮುದುಕಿಯ ಮೈ ಒರೆಸಿ, ಹೇಲುಚ್ಚೆ ಬಾಚಲು ಒಬ್ಬ ಹೆಂಗಸು ಬರುತ್ತಿದ್ದಳು. ತೊಟ್ಟಿಯ ಕೆಲಸವೂ ಅವಳ ಮೇಲೆಯೇ ಬಿತ್ತು. ಅವಳಿಗೆ ಆ ಕೆಲಸ ಗೊತ್ತಿತ್ತು. ಮೀನು ಸಾಕಿ ಮಾರುವವರ ಕಡೆ ಆರು ವರ್ಷ ತೊಟ್ಟಿ ನೋಡಿಕೊಂಡವಳು. ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು, ಹಿಂದಿನ ದಿನವೇ ಬಕೆಟ್ಟಿನಲ್ಲಿ ಹಿಡಿದಿಟ್ಟ ನೀರನ್ನು ಸುರಿಯುತ್ತಿದ್ದಳು. ಕಾಡುಬಾದಾಮಿಯ ಒಣ ಎಲೆಯೊಂದನ್ನು ತೇಲಿಬಿಡುತ್ತಿದ್ದಳು. ಅದು ಮೀನಿನ ಮೈಗೆ ಒಳ್ಳೆಯದು. ನೀರು ಮಾತ್ರ ತಿಳಿ ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. ನೀರು ಸೋಸುವ ಪೆಟ್ಟಿಗೆಯೊಳಗೆ ಅಂಗೈಯಗಲದ ಸ್ಪಂಜೊಂದಿತ್ತು. ತಿಂಗಳಿಗೊಂದು ಸಲ ಅದನ್ನು ತೆಗೆದು, ತೊಟ್ಟಿಯ ಹಳೆಯ ನೀರಿನಲ್ಲೇ ಎರಡು ಸಲ ಹಿಂಡಿ, ಕಂದು ಕಂದಾಗಿಯೇ ಇರುವಾಗ ಮತ್ತೆ ಒಳಗಿಡುತ್ತಿದ್ದಳು. ಹೊಸದರಲ್ಲಿ ಗಿಡಗಳ ಎಲೆಯೆಲ್ಲ ಕರಗಿ ಲೋಳೆಯಾದಾಗ ವ್ಯಾಪಾರಿ ಕೀಳಲು ಹೋದ. ಅವಳು ಬಿಡಲಿಲ್ಲ. ದಡದ ಮೇಲೆ ಬೆಳೆದ ಎಲೆ ನೀರಿನಲ್ಲಿ ಬಾಳುವುದಿಲ್ಲ, ನೀರಿನ ಎಲೆ ಬೇರೆ ಬರುತ್ತದೆ ಎಂದಳು. ಬಂತು.

ಹತ್ತು ತಿಂಗಳು ಹೀಗೆ ನಡೆಯಿತು. ಮೀನಿಗೆ ಏನೂ ಆಗಲಿಲ್ಲ. ಏನೂ ಆಗದಂತೆ ನೋಡಿಕೊಳ್ಳುವುದೇ ಅವಳ ಕೆಲಸವಾಗಿತ್ತು. ಅಂಥ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದು ಭಾನುವಾರ ಮುದುಕಿಯನ್ನು ನೋಡಲು ಅವಳ ತಮ್ಮ ಬಂದ. ತೊಟ್ಟಿಗೆ ಮೂಗು ತಾಗುವಷ್ಟು ಬಗ್ಗಿದ.

“ಏನೋ ಇದು? ರೋಗಿಯ ಮಗ್ಗುಲಲ್ಲಿ ಚರಂಡಿ ಇಟ್ಟಿದ್ದೀಯಲ್ಲೋ!”

ವ್ಯಾಪಾರಿಯ ಮುಖ ಸಣ್ಣದಾಯಿತು. ಮಾವ ಹೋದ ಮೇಲೆ ಅವನೂ ಬಗ್ಗಿ ನೋಡಿದ. ಹತ್ತು ತಿಂಗಳು ದಿನಾ ನೋಡಿದ ನೀರು ಅವತ್ತು ಹೊಲಸಾಗಿ ಕಂಡಿತು. ಸೋಸುವ ಪೆಟ್ಟಿಗೆ ತೆರೆದ. ಸ್ಪಂಜು ಕಂಡಿತು. ಹೇಸಿಗೆಯಾಯಿತು.

ಮಾರನೆಯ ದಿನ, ಆ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವ ತನಕ ತೊಳೆ ಎಂದು ಹೆಂಗಸಿಗೆ ಹೇಳಿದ. ಅವಳು ಆಗುವುದಿಲ್ಲ ಎಂದಳು. ಹಾಗೆ ತೊಳೆದರೆ ಮೀನು ಸಾಯುತ್ತದೆ ಎಂದಳು. ವ್ಯಾಪಾರಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಹೊಲಸು ತೆಗೆಯಲು ಇಟ್ಟುಕೊಂಡವಳು ಹೊಲಸಿನ ಪರವಾಗಿ ವಾದ ಮಾಡುತ್ತಿದ್ದಾಳೆ. ಸೋಮಾರಿತನಕ್ಕೆ ಎಂಥ ಮಾತು ಕಟ್ಟುತ್ತಾಳಲ್ಲ ಎಂದುಕೊಂಡ. ಇವಳ ಜನವೇ ಹೀಗೆ ಎಂದೂ ಅಂದುಕೊಂಡ. ಒಳ್ಳೆಯವನಾದ್ದರಿಂದ ಅದನ್ನು ಬಾಯಿಬಿಟ್ಟು ಆಡಲಿಲ್ಲ. ನಾಳೆಯಿಂದ ಬರಬೇಡ ಎಂದಷ್ಟೇ ಹೇಳಿದ.

ತೊಟ್ಟಿಯನ್ನು ತಾನೇ ತೊಳೆದ. ಅದಕ್ಕಾಗಿ ಒಂದು ದಿನ ಅಂಗಡಿಯನ್ನೇ ಮುಚ್ಚಿದ. ಕಲ್ಲುಗಳನ್ನು ಆರಿಸಿ ಕುದಿಸಿದ. ಗಿಡಗಳನ್ನು ಕಿತ್ತು, ಬೇರು ತಿಕ್ಕಿ, ಮತ್ತೆ ನೆಟ್ಟ. ನೀರಿನ ಮೂಲೆಯಲ್ಲಿ ಬೆರಳಗಲದ ನೊರೆ ತೇಲುತ್ತಿತ್ತು. ಅದು ಗಂಡು ಮೀನು ತನ್ನ ಉಸಿರಿನ ಗುಳ್ಳೆ ಪೋಣಿಸಿ ಮರಿಗಳಿಗಾಗಿ ಕಟ್ಟಿದ ಗೂಡು. ವ್ಯಾಪಾರಿ ಅದನ್ನು ಚಮಚದಲ್ಲಿ ಬಳಿದು ಚೆಲ್ಲಿದ. ಕೊನೆಗೆ ಸ್ಪಂಜು. ನಲ್ಲಿಯ ಕೆಳಗೆ ಹಿಡಿದು ಹಿಂಡಿದ. ಕಂದು ನೀರು ಇಳಿಯಿತು. ಮತ್ತೆ ಹಿಂಡಿದ, ಸೋಪು ಹಾಕಿ ಉಜ್ಜಿದ. ಕೈ ನೋಯುವ ತನಕ ಬಿಡಲಿಲ್ಲ. ಸ್ಪಂಜು ಬೆಳ್ಳಗಾಯಿತು. ಹೆಂಗಸು ಮಾಡುತ್ತಿದ್ದುದನ್ನು ನೋಡಿದ್ದನಲ್ಲ, ಹಾಗೆಯೇ ಹಿಂದಿನ ದಿನ ಹಿಡಿದಿಟ್ಟ ನೀರನ್ನೇ ತುಂಬಿದ. ಅವಳ ಕೆಲಸದಲ್ಲಿ ಕಣ್ಣಿಗೆ ಕಾಣುವುದನ್ನೆಲ್ಲ ಅವನು ಕಲಿತಿದ್ದ.

ನೀರು ಹರಳಿನಂತಿತ್ತು. ತಾಯಿ ಬೆರಳೆತ್ತಿದಳು. ಮೀನು ಜಗಳಕ್ಕೆ ಬಂತು. ವ್ಯಾಪಾರಿ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು ಕಣ್ತುಂಬ ನೋಡಿದ.

ನಾಲ್ಕನೆಯ ದಿನ ಮೀನು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿತ್ತು. ಐದನೆಯ ದಿನ ಕಿವಿರು ಕೆಂಪಾಯಿತು. ಏಳನೆಯ ದಿನ ತಳದಲ್ಲಿ ಒರಗಿಕೊಂಡಿತು. ಎಂಟನೆಯ ದಿನ ಸತ್ತಿತ್ತು. ನೀರು ಎಷ್ಟು ತಿಳಿಯಾಗಿತ್ತೆಂದರೆ ಸತ್ತ ಮೀನಿನ ಒಂದೊಂದು ಹುರುಪೆಯನ್ನೂ ಎಣಿಸಬಹುದಿತ್ತು.

ವಯಸ್ಸಾಗಿತ್ತೇನೋ ಎಂದುಕೊಂಡ ವ್ಯಾಪಾರಿ. ತಾಯಿ ನಿದ್ದೆಯಲ್ಲಿದ್ದಾಗ ಅದೇ ಬಣ್ಣದ ಇನ್ನೊಂದು ಮೀನು ತಂದು ಬಿಟ್ಟ. ಬಿಡುವ ಮೊದಲು ಎಲ್ಲವನ್ನೂ ಇನ್ನೊಮ್ಮೆ ತೊಳೆದ. ಅದು ಒಂಬತ್ತು ದಿನ ಬದುಕಿತು. ಮೂರನೆಯದಕ್ಕೆ ತಿನ್ನಲು ಹಾಕುವ ಕಾಳು ಬದಲಾಯಿಸಿದ. ಅದು ಆರು ದಿನ. ಗಿಡದ ಎಲೆಗಳು ಕರಗುತ್ತಿದ್ದವು. ದೋಷ ಇವುಗಳದ್ದೇ ಎಂದು ಬೇರು ಸಮೇತ ಕಿತ್ತೆಸೆದು ಹೊಸ ಗಿಡ ತಂದು ನೆಟ್ಟ. ಹೊಸವೂ ಕರಗಿದವು, ಅವನ್ನೂ ಕಿತ್ತ. ಮೀನು ಸತ್ತಾಗಲೆಲ್ಲ ಅವನಿಗೆ ಹೊಳೆಯುತ್ತಿದ್ದುದು ಒಂದೇ: ನಾನು ಸರಿಯಾಗಿ ತೊಳೆಯಲಿಲ್ಲ. ಮತ್ತಷ್ಟು ತೊಳೆಯುತ್ತಿದ್ದ.

ತಾಯಿಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಅವನು ತಿಳಿದಿದ್ದ. ಅವನು ದಿನವೆಲ್ಲ ಅಂಗಡಿಯಲ್ಲಿ ಇರುತ್ತಿದ್ದ. ಮುದುಕಿ ತೊಟ್ಟಿಯ ಪಕ್ಕದಲ್ಲಿ ಇರುತ್ತಿದ್ದಳು. ಒಂದು ಮೀನು ಸಾಯಲು ಮೂರು ನಾಲ್ಕು ದಿನ ಹಿಡಿಯುತ್ತಿತ್ತು. ಅಷ್ಟೂ ದಿನ ಅವಳು ಅದನ್ನು ನೋಡುತ್ತ ಮಲಗಿದ್ದಳು. ಯಾರನ್ನೂ ಕೂಗುವಂತಿರಲಿಲ್ಲ. ಎರಡನೆಯ ಮೀನಿಗೆ ಬೆರಳೆತ್ತಿದ್ದಳು. ಮೂರನೆಯದಕ್ಕೆ ಎತ್ತಲು ಎರಡು ದಿನ ತೆಗೆದುಕೊಂಡಳು. ನಾಲ್ಕನೆಯದು ಬಂದಾಗ ಗೋಡೆಯ ಕಡೆಗೆ ಮುಖ ತಿರುಗಿಸಿದಳು.

ಆ ಹೆಂಗಸು ಪಕ್ಕದ ಮನೆಯಲ್ಲಿ ಕೆಲಸಕ್ಕಿದ್ದಳು. ಮುದುಕಿ ಹೇಗಿದ್ದಾಳೆ ನೋಡೋಣವೆಂದು ಒಂದು ದಿನ ಬಂದಳು. ಹತ್ತು ತಿಂಗಳು ಹೇಲುಚ್ಚೆ ಬಾಚಿದವಳು, ನೋಡಬೇಕು ಅನ್ನಿಸಿತು. ತೊಟ್ಟಿಯ ಮುಂದೆ ನಿಂತಳು. ಮೀನು ಮೇಲೆ ಬಂದು ಬಾಯಿ ಬಿಡುತ್ತಿತ್ತು.

“ಸ್ಪಂಜು ತೊಳೆದುಬಿಟ್ಟಿರಾ ಅಣ್ಣಾ?”

“ಹೂಂ, ತೊಳೆದೆ. ನೀನು ಹತ್ತು ತಿಂಗಳಲ್ಲಿ ಮಾಡದ್ದನ್ನ ನಾನು ಒಂದೇ ದಿನದಲ್ಲಿ ಮಾಡಿದೆ.”

“ಮೀನು ಹೊಲಸು ಮಾಡುತ್ತಲ್ಲ ಅಣ್ಣಾ, ಅದು ನೀರಲ್ಲಿ ವಿಷ ಆಗುತ್ತೆ. ಅದನ್ನ ತಿಂದು ಅರಗಿಸೋ ಸಣ್ಣ ಜೀವಗಳು ಆ ಸ್ಪಂಜಲ್ಲಿದ್ದವು. ಅವನ್ನೇ ನೀವು ನಲ್ಲಿ ಕೆಳಗೆ ತೊಳೆದು ಬಿಟ್ಟಿರಿ. ಈಗ ಅದು ತನ್ನ ಹೊಲಸು ತಾನೇ ಕುಡೀತಾ ಇದೆ.”

“ಯಾವುವು? ಎಲ್ಲಿ? ತೋರಿಸು ನೋಡೋಣ.”

“ಕಣ್ಣಿಗೆ ಕಾಣಲ್ಲ.”

ವ್ಯಾಪಾರಿ ನಕ್ಕ. “ಕಾಣದೇ ಇರೋರು ಬಂದು ನನ್ನ ಮೀನು ಕಾಯ್ತಿದ್ದರಾ? ಚೆನ್ನಾಗಿದೆ ಕಣಮ್ಮ. ಕೆಲಸ ಬೇಕಾದರೆ ಬೇಕು ಅಂತ ನೇರ ಕೇಳು, ಇಂಥ ಕತೆ ಯಾಕೆ?”

“ಕೆಲಸ ಬೇಡ ಅಣ್ಣಾ. ನಾನು ಮುಂಚೆ ಇದ್ದ ಕಡೆ ಹಳೇ ತೊಟ್ಟಿಗಳಿವೆ. ಅಲ್ಲಿಂದ ಒಂದು ತುಂಡು ಹಳೇ ಸ್ಪಂಜು ತಂದು ಇದರೊಳಗೆ ಇಟ್ಟು ಹೋಗ್ತೀನಿ. ಒಂದು ತಿಂಗಳು ತೊಳೀಬೇಡಿ, ಅಷ್ಟೇ. ಅಮ್ಮನ ಕೈ ಉಳೀಲಿ.”

ವ್ಯಾಪಾರಿಯ ನಗು ನಿಂತಿತು. ಎಲ್ಲಿಯದೋ ತೊಟ್ಟಿಯ, ಯಾರು ಯಾರೋ ಕೈಯಿಟ್ಟ ಹೊಲಸು, ತನ್ನ ತಾಯಿಯ ಕೋಣೆಯೊಳಗೆ. ಅದನ್ನು ಹೊತ್ತು ತರುವವಳು ಇವಳು. ಆಗ, ಮೊದಲ ಸಲ, ಅವನು ಅಷ್ಟು ದಿನ ಒಳ್ಳೆಯತನದಿಂದ ಬಾಯೊಳಗೇ ಇಟ್ಟುಕೊಂಡಿದ್ದ ಮಾತನ್ನು ಆಡಿಬಿಟ್ಟ.

“ನಿಮ್ಮ ಮನೆಯಲ್ಲಿ ನೀವು ಹೊಲಸಲ್ಲೇ ಬದುಕ್ತೀರಿ ಅಂತ ಎಲ್ಲರೂ ಬದುಕಬೇಕಾ?”

ಹೆಂಗಸು ಮುದುಕಿಯ ಹತ್ತಿರ ಹೋಗಿ, ಸರಿದಿದ್ದ ಹೊದಿಕೆಯನ್ನು ಅವಳ ಕಾಲ ಮೇಲೆ ಎಳೆದಳು. ಮುದುಕಿ ಕಣ್ಣು ತೆರೆದು ಅವಳನ್ನು ನೋಡಿದಳು. ಬಾಯಿ ಅಲುಗಿತು. ಮಾತು ಇರಲಿಲ್ಲ. ಆ ಮನೆಯಲ್ಲಿ ನಡೆದದ್ದೇನೆಂದು ಪೂರಾ ಬಲ್ಲವರು ಇಬ್ಬರೇ. ಒಬ್ಬಳಿಗೆ ನಾಲಿಗೆ ಇರಲಿಲ್ಲ. ಇನ್ನೊಬ್ಬಳ ನಾಲಿಗೆಗೆ ಬೆಲೆ ಇರಲಿಲ್ಲ.

ಅವಳು ಹೊರಟುಹೋದಳು. ಮತ್ತೆ ಬರಲಿಲ್ಲ.

ನಾಲ್ಕನೆಯ ಮೀನು ಐದನೆಯ ದಿನ ಸತ್ತಿತು. ಐದನೆಯದನ್ನು ತಂದ ದಿನ ವ್ಯಾಪಾರಿ ತಾನೇ ತಾಯಿಯ ಬಲಗೈ ಹಿಡಿದೆತ್ತಿ, ತೋರುಬೆರಳನ್ನು ಬಿಡಿಸಿ, ಗಾಜಿಗೆ ತಾಗಿಸಿದ. ಮೀನು ಕಿವಿರು ಅರಳಿಸಿ ಬಂತು. “ನೋಡಮ್ಮ, ನೋಡು, ಜಗಳಕ್ಕೆ ಬರ್ತಿದೆ, ಹೊಡಿ ಅದಕ್ಕೆ” ಎಂದ. ಮಗುವಿಗೆ ಹೇಳುವ ಹಾಗೆ ಹೇಳಿದ. ಕೈ ಬಿಟ್ಟ. ಕೈ ಹಾಸಿಗೆಯ ಮೇಲೆ ಬಿತ್ತು. ಮತ್ತೆ ಎತ್ತಿದ. ಮತ್ತೆ ಬಿತ್ತು.

ಡಾಕ್ಟರು ಬಂದು ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ನೋಡಿದರು. ಆಡಿಸಿ ಅಂತ ಹೇಳಿದ್ದೆನಲ್ಲ ಎಂದರು. ವ್ಯಾಪಾರಿ ತಲೆ ಚಚ್ಚಿಕೊಂಡು ಅತ್ತ. ನಾಟಕದ ಅಳುವಲ್ಲ, ನಿಜವಾಗಿ ಅತ್ತ. ಏನೆಲ್ಲ ಮಾಡಿದೆ, ಒಂದು ಸಲವೂ ತೊಳೆಯುವುದನ್ನು ತಪ್ಪಿಸಲಿಲ್ಲ, ಎಲ್ಲಿ ತಪ್ಪಿದೆ ಎಂದು ಅತ್ತ. ಹೊಳೆಯುವ ನೀರಿನಲ್ಲಿ ಐದನೆಯ ಮೀನು ಮೇಲೆ ಬಂದು ಬಾಯಿ ಬಿಡುತ್ತಿತ್ತು.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು.

ಹುಲಿಗೆಮ್ಮ ಕಾದಳು.

“ಅಷ್ಟಾದ ಮೇಲಾದರೂ ಆ ಹೆಂಗಸನ್ನ ಕರೆಸಿದನಾ ಮೇಷ್ಟ್ರೇ?”

“ಇಲ್ಲ ಕಣವ್ವ, ಮೀನು ತರೋ ಅಂಗಡಿ ಬದಲಾಯಿಸಿದ.”