ಕೊನೆಗುರುತು ಬರಲಿಲ್ಲ

ನಗು ಬಂದರೆ ನಗಿ, ಆದರೆ ಕೊನೇತನಕ ಕೇಳಿ.

ಪುಟ್ಟಗೌರಮ್ಮನಿಗೆ ಒಬ್ಬನೇ ಮಗ, ಬೋರಲಿಂಗ. ಕಂಪ್ಯೂಟರಿಗೆ ಕೋಡ್ ಬರೆಯಬಲ್ಲ, ಬುದ್ಧಿ ಮಾತ್ರ ಅಷ್ಟಕ್ಕಷ್ಟೆ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ಅವ್ವ ಉಬ್ಬಸದಿಂದ ಹಾಸಿಗೆ ಹಿಡಿದಿದ್ದಳು. "ಒಂದು ಕೆಲಸದಲ್ಲಿ ನಿಲ್ಲೋ ಮಗನೇ. ಅದನ್ನ ನೋಡಿ ಕಣ್ಣು ಮುಚ್ಕತೀನಿ" ಅನ್ನುತ್ತಿದ್ದಳು.

ಊರಿನ ಹಾಲಿನ ಡೇರಿಗೆ ಹೊಸ ತಕ್ಕಡಿ ಬಂತು. ತಕ್ಕಡಿಯಿಂದ ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ ಒಂದು ವಯರು. ಸೆಕ್ರೆಟರಿ ಚೆನ್ನೇಗೌಡರು ಬೋರಲಿಂಗನನ್ನು ಕರೆದರು. "ವಯರಲ್ಲಿ ತೂಕ ಬರ್ತದೆ. ಬಂದ ತಕ್ಷಣ ತಗೊಂಡು ಗೋಡೆ ಬೋರ್ಡಿಗೆ ಹಾಕೋ ಹಂಗೆ ಕೋಡ್ ಬರಿ!"

ಬರೆದ. ನೆರೆಮನೆ ರಂಗಮ್ಮ ಹನ್ನೆರಡು ಕಿಲೋ ಹಾಲು ಇಟ್ಟಳು. ಹನ್ನೆರಡರಲ್ಲಿ ಮೊದಲು 1 ಬಂತು. ಬಂದ ತಕ್ಷಣ ತಗೊಂಡ. ಬೋರ್ಡಿನಲ್ಲಿ ಒಂದೇ ಕಿಲೋ!

"ಅಯ್ಯೋ, ನನ್ನ ಹಸೂನ ಮೇಕೆ ಮಾಡ್ಬಿಟ್ನಲ್ಲಪ್ಪೋ!"

ಗೌಡರು ಬೈದರು. "ಅಂಕಿ ಒಂದೊಂದೇ ಬರ್ತದೆ ಕಣ್ಲಾ ಪೆದ್ದಾ! ತಾಳು. ಎಲ್ಲಾ ಬರಲಿ, ಆಮೇಲೆ ತಗೋ!"

ಆಗಲಿ ಅಂದ. ಮಾರನೆ ದಿನ ಎಲ್ಲಾ ಬರಲಿ ಅಂತ ಕಾದ. ರಂಗಮ್ಮನ 12 ಬಂತು, ಕಾದ. ಸಾಲಿನಲ್ಲಿ ಅವಳ ಹಿಂದಿದ್ದವರ 9 ಬಂತು, ಕಾದ. ಅವರ ಹಿಂದಿನವರ 7 ಬಂತು, ಕಾದ. ಮೂರೂ ಅಂಟಿಕೊಂಡು ರಂಗಮ್ಮನ ಹೆಸರಿಗೆ ಸಾವಿರದ ಇನ್ನೂರ ತೊಂಬತ್ತೇಳು ಕಿಲೋ!

"ಅದೇನು ಹಸುವೋ, ಕೆರೆ ಕೋಡಿಯೋ!" ಗೌಡರು ತಲೆ ಚಚ್ಚಿಕೊಂಡರು. "ನಿಮ್ಮವ್ವನ ಮುಖ ನೋಡಿ ಸುಮ್ನಿದೀನಿ. ಒಂದೊಂದು ತೂಕ ಮುಗಿದಾಗ ತಕ್ಕಡಿ ಒಂದು ಕೊನೆಗುರುತು ಕಳಿಸ್ತದೆ. ಅದು ಬರೋವರೆಗೂ ಕಾಯಿ!"

ಆಗಲಿ ಅಂದ. ಮಾರನೆ ದಿನ ರಂಗಮ್ಮನ 1 ಬಂತು, ಅಷ್ಟರಲ್ಲಿ ಯಾರದೋ ಕ್ಯಾನು ತಗುಲಿ ವಯರು ಕಳಚಿತು. ವಯರು ಇವನ ಕಾಲ ಬಳಿಯೇ ಬಿದ್ದಿದೆ, ಇವನು ಪರದೆ ನೋಡುತ್ತಾ ಕೂತಿದ್ದಾನೆ. ಬಿಸಿಲೇರಿತು. ಸಾಲಿನಲ್ಲಿದ್ದ ಹಾಲೆಲ್ಲ ಒಡೆಯಿತು.

"ಕೊನೆಗುರುತು ಬಂದಿಲ್ಲ ಗೌಡ್ರೇ!"

"ಕಾಯೋದಕ್ಕೂ ಒಂದು ಮಿತಿ ಬೇಡ್ವೇನ್ಲಾ! ಸ್ವಲ್ಪ ಹೊತ್ತು ನೋಡು. ಕೊನೆಗುರುತು ಬರದಿದ್ರೆ ಅರ್ಧ ಬಂದದ್ದನ್ನ ಚೆಲ್ಲು, ತಕ್ಕಡೀನ ಮೊದಲಿಂದ ಕೇಳು. ಸಾಯೋಗಂಟ ಇದನ್ನ ಮರೀಬೇಡ!"

ಮರೆಯಲಿಲ್ಲ. ಮಾರನೆ ದಿನ ವಯರು ಅಲುಗಾಡಿತು, ಅರ್ಧ ಬಂದದ್ದನ್ನು ಚೆಲ್ಲಿದ, ಮತ್ತೆ ಕೇಳಿದ, ಸರಿಯಾಗಿ ಬಂತು. ಎಲ್ಲರ ತೂಕವೂ ಸರಿ!

"ಭೇಷ್! ಕೆಲಸ ನಿಂದೇ ಕಣ್ಲಾ. ಓಡು, ನಿಮ್ಮವ್ವಂಗೆ ಹೇಳು!"

ಓಡಿದ. ಹೇಳಿದ. ಅವ್ವನ ಮುಖ ಅರಳಿತು. ಮಗನ ಕೈ ಹಿಡಿದು ಏನೋ ಹೇಳತೊಡಗಿದಳು. ಅರ್ಧದಲ್ಲಿ ಉಸಿರು ನಿಂತಿತು. ಬೋರಲಿಂಗ ಸ್ವಲ್ಪ ಹೊತ್ತು ನೋಡಿದ.

ರಂಗಮ್ಮ ಬಂದಳು, ಎದೆ ಬಡಿದುಕೊಂಡು ಅತ್ತಳು. "ಕೊನೇಲಿ ಏನಂದ್ಲೋ ನಿಮ್ಮವ್ವ?"

"ಅರ್ಧ ಬಂದಿತ್ತು ಅತ್ತೆ. ಕೊನೆಗುರುತು ಬರಲಿಲ್ಲ. ಚೆಲ್ಲಿಬಿಟ್ಟೆ."

ಈ ಸಲ ಅವನನ್ನು ಯಾರೂ ಬೈಯಲಿಲ್ಲ. ಅವನು ಅವ್ವನ ಕಿವಿಯ ಹತ್ತಿರ ಬಗ್ಗಿದ.

"ಅವ್ವಾ, ಮೊದಲಿಂದ ಹೇಳವ್ವಾ."