ತೇಲಣ್ಣನ ಬಾಲ ಕುಣಿದ ದಿನ

ಲೋಕ ಇನ್ನೂ ಹೊಚ್ಚ ಹೊಸದಾಗಿದ್ದ ಕಾಲ. ಹೊಳೆ ಆಗಷ್ಟೇ ನಡೆಯಲು ಕಲಿತಿತ್ತು. ಗಾಳಿಗೆ ದಾರಿಗಳೆಲ್ಲ ಹೊಸವು. ದಿನವಿಡೀ ಓಡಾಡಿ ಕಂಡಕಂಡವರ ಜೊತೆ ಹರಟುತ್ತಿತ್ತು. ಆ ಹೊತ್ತಿಗೆ ಹಸು ಮನೆಗೆ ಬಂದಾಗಿತ್ತು, ಕೋಳಿ ಮನೆಗೆ ಬಂದಾಗಿತ್ತು. ನಾಯಿ ಮಾತ್ರ ಇನ್ನೂ ಕಾಡಿನಲ್ಲೇ ಇತ್ತು.

ಆ ಹೊಳೆಯ ದಂಡೆಯಲ್ಲಿ ಸಕ್ರಿ ಎಂಬ ಹುಡುಗಿ ಇದ್ದಳು. ಅವಳಿಗೆ ಏಳು ವರ್ಷ. ಅವಳ ತಮ್ಮ ದುರುಗನಿಗೆ ಮೂರು. ದುರುಗ ನಡೆಯುತ್ತಲೇ ಇರಲಿಲ್ಲ, ಬರೀ ಓಟ. ಮಾತಾಡುತ್ತಲೇ ಇರಲಿಲ್ಲ, ಬರೀ ಕೂಗಾಟ.

ಒಂದು ಬೆಳಗ್ಗೆ ಹೊಳೆ ಗಟ್ಟಿಯಾಗಿ ಕರೆಯಿತು: "ಸಕ್ರೀ! ಬೇಗ ನಿಮ್ಮವ್ವನ್ನ ಕರಿ! ಯಾವುದೋ ಜೀವ ತೇಲ್ಕೊಂಡು ನನ್ನ ಸುಳಿ ಹತ್ತಿರ ಬಂತು!"

ಅವ್ವ ಓಡಿಬಂದಳು. ಮರದ ದಿಮ್ಮಿಯೊಂದು ತೇಲಿಬರುತ್ತಿತ್ತು. ಅದನ್ನು ಅವುಚಿಕೊಂಡು ನಡುಗುತ್ತಿತ್ತು ಒಂದು ನಾಯಿ. ಅವ್ವ ಸೊಂಟದ ಮಟ್ಟ ನೀರಿಗಿಳಿದು ಅದನ್ನು ಎತ್ತಿಕೊಂಡು ಬಂದಳು.

"ಇನ್ನು ಮೇಲೆ ಇದು ನಮ್ಮ ಮನೇಲೇ ಇರುತ್ತೆ" ಅಂದಳು.

ಸಕ್ರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಮ್ಮ ಮನೆಗೆ ನಾಯಿ! ಯಾರ ಮನೆಯಲ್ಲೂ ಇಲ್ಲದ ನಾಯಿ! ತೇಲಿಬಂದದ್ದಕ್ಕೆ ಅವಳೇ ಅದಕ್ಕೆ ತೇಲಣ್ಣ ಅಂತ ಹೆಸರಿಟ್ಟಳು.

"ತೇಲಣ್ಣಾ!" ಎಂದು ಅಕ್ಕ ಓಡಿದಳು. "ತೇಲಣ್ಣಾ!" ಎಂದು ತಮ್ಮ ಕಿರುಚಿದ. ತೇಲಣ್ಣ ಒಂದೇ ನೆಗೆತಕ್ಕೆ ಒರಳುಕಲ್ಲಿನ ಹಿಂದಕ್ಕೆ ನುಗ್ಗಿ ಮೂಲೆ ಸೇರಿತು.

ದುರುಗ ಬಿಡುತ್ತಾನೆಯೇ? ಸಂದಿಗೆ ಕೈ ತೂರಿಸಿ ಅದರ ಕಿವಿ ಹಿಡಿದು ಎಳೆದ.

"ಗುರ್ರ್ರ್!"

ಅಪ್ಪ ಧಾವಿಸಿ ಮಗನನ್ನು ಎತ್ತಿಕೊಂಡ.

"ಇವತ್ತು ಗುರ್ ಅಂತು. ನಾಳೆ ಕಚ್ಚಿದರೆ? ಮೂರು ದಿನ ನೋಡ್ತೀನಿ. ಹೊಂದಿಕೊಳ್ಳಲಿಲ್ಲ ಅಂದ್ರೆ ಹರಿಗೋಲಿಗೆ ಹಾಕ್ಕೊಂಡು ಆಚೆ ದಡಕ್ಕೆ ಬಿಟ್ಟು ಬರ್ತೀನಿ."

ಸಕ್ರಿ ಅಳುತ್ತಾ ಹೊಳೆಯ ಹತ್ತಿರ ಹೋದಳು. "ನಾವು ಅದನ್ನ ಅಷ್ಟು ಪ್ರೀತಿ ಮಾಡಿದ್ವಿ. ಅದಕ್ಯಾಕೆ ನಾವು ಬೇಡ?"

ಹೊಳೆ ಹೇಳಿತು, "ನನ್ನ ಮೀನುಗಳನ್ನ ನೋಡು ಮಗಳೇ. ನಾನು ಭೋರೆಂದು ಹರಿದರೆ ಕಲ್ಲುಸಂದಿಗೆ ಓಡ್ತವೆ. ಸುಮ್ಮನಾದರೆ ತಾವಾಗೇ ಬರ್ತವೆ."

ಅಷ್ಟರಲ್ಲಿ ಗಾಳಿ ಓಡೋಡಿ ಬಂತು. "ನನ್ನ ಮಾತೂ ಕೇಳು! ಅದು ಗುರುತು ಹಿಡಿಯೋದು ಮೂಗಿನಿಂದ. ನಿಮ್ಮ ವಾಸನೆ ಅದಕ್ಕೆ ಇನ್ನೂ ಸರಿಯಾಗಿ ಸಿಕ್ಕೇ ಇಲ್ಲ. ಅದಕ್ಕೂ ಮೊದಲೇ ಮೈಮೇಲೆ ಬಿದ್ದಿರಿ! ದೂರ ಕೂತು ಅಂಗೈ ಚಾಚಿ. ವಾಸನೆ ಮುಟ್ಟಿಸೋ ಕೆಲಸ ನನಗಿರಲಿ."

ಸಕ್ರಿ ಕಣ್ಣೊರೆಸಿಕೊಂಡು ಮನೆಗೆ ಓಡಿದಳು. ಬಾಗಿಲಲ್ಲಿ ಓಟ ನಿಲ್ಲಿಸಿ ಮೆಲ್ಲಗೆ ಒಳಗೆ ಹೋದಳು.

"ದುರುಗಾ, ಈಗ ನಾವಿಬ್ಬರೂ ಕಲ್ಲು."

"ಕಲ್ಲೂ!" ಎಂದು ಕೂಗಿದ ದುರುಗ.

"ಕಲ್ಲು ಕೂಗಲ್ಲ ಕಣೋ."

ಮೊದಲ ದಿನ ಇಬ್ಬರೂ ನೆಲದ ಮೇಲೆ ಕೂತು ಅಂಗೈ ಚಾಚಿದರು. ಗಾಳಿ ಅವರ ಬೆರಳು ಸವರಿಕೊಂಡು ಮೂಲೆಗೆ ಹೋಯಿತು. ಒರಳುಕಲ್ಲಿನ ಪಕ್ಕದಿಂದ ಕಪ್ಪು ಮೂಗಿನ ತುದಿ ಇಣುಕಿತು. ಅಷ್ಟೇ. ಅಷ್ಟಕ್ಕೇ ಸಕ್ರಿಗೆ ಖುಷಿಯಿಂದ ಉಸಿರು ಕಟ್ಟಿತು.

ಎರಡನೆಯ ದಿನವೂ ಕೂತರು, ಅಂಗೈ ಚಾಚಿದರು. ತೇಲಣ್ಣ ಒಂದು ಹೆಜ್ಜೆ ಇಟ್ಟಿತು. ಇನ್ನೊಂದು ಹೆಜ್ಜೆ ಇಟ್ಟಿತು. ದುರುಗನಿಗೆ ಸೀನು ಬಂತು. "ಆಕ್ಷೀ!" ತೇಲಣ್ಣ ಮತ್ತೆ ಮೂಲೆಗೆ! ಸಕ್ರಿಗೆ ತಮ್ಮನ ಮೇಲೆ ಕೋಪ ಉಕ್ಕಿತು. ಆದರೆ ಅವನ ತುಟಿ ನಡುಗುವುದನ್ನು ಕಂಡು ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

ಮೂರನೆಯ ದಿನ ಅಪ್ಪ ಹರಿಗೋಲನ್ನು ನೀರಿಗಿಳಿಸಿದ. ಕೈಯಲ್ಲಿ ಹಗ್ಗ ಹಿಡಿದು ಒಳಗೆ ಬಂದ.

"ಇನ್ನೊಂದು ಗಳಿಗೆ ಅಪ್ಪಾ!" ಅಂದಳು ಸಕ್ರಿ. ಅಪ್ಪ ಬಾಗಿಲಲ್ಲೇ ನಿಂತ.

ಆಗ ದುರುಗ, ಯಾರೂ ಹೇಳದೆ, ತಾನಾಗೇ ಹೋಗಿ ಮೂಲೆಯಿಂದ ದೂರ ಕೂತ. ರೊಟ್ಟಿಯ ಚೂರನ್ನು ಅಂಗೈಯಲ್ಲಿಟ್ಟು ಚಾಚಿದ. ಕೂಗು ಹೊರಗೆ ಬಾರದಿರಲೆಂದು ಕೆನ್ನೆ ಉಬ್ಬಿಸಿ ಬಾಯಿ ಬಿಗಿಹಿಡಿದ. ಹೊರಗೆ ಹೊಳೆಯೂ ಸದ್ದಡಗಿಸಿತು.

ತೇಲಣ್ಣ ಬಂತು. ಒಂದು ಹೆಜ್ಜೆ. ಇನ್ನೊಂದು. ಮತ್ತೂ ಒಂದು! ಆ ಪುಟ್ಟ ಕೈಯನ್ನು ಮೂಸಿತು. ಬೆರಳಸಂದಿ ಮೂಸಿತು. ಅಲ್ಲಿ ರೊಟ್ಟಿಯ ವಾಸನೆ, ಮಣ್ಣಿನ ವಾಸನೆ, ಅವ್ವನ ಸೆರಗಿನ ವಾಸನೆ. ತನ್ನನ್ನು ನೀರಿನಿಂದ ಎತ್ತಿದವಳ ವಾಸನೆ! ರೊಟ್ಟಿ ತಿಂದಿತು. ಆಮೇಲೆ ಬರಿಗೈಯನ್ನೂ ನೆಕ್ಕಿತು.

ತೇಲಣ್ಣನ ಒಳಗೆ ಖುಷಿ ಏಳತೊಡಗಿತು. ನಗೋಣವೆಂದರೆ ಹಲ್ಲು ಕಂಡು ಮಗು ಹೆದರಿಬಿಟ್ಟರೆ? ತಬ್ಬಿಕೊಳ್ಳೋಣವೆಂದರೆ ಕೈಯಿಲ್ಲ. ಖುಷಿ ಕತ್ತಿನಿಂದ ಬೆನ್ನಿಗೆ ಹೋಯಿತು, ಬೆನ್ನಿನಿಂದ ಸೊಂಟಕ್ಕೆ ಹೋಯಿತು, ಸೊಂಟದಿಂದ ಬಾಲಕ್ಕೆ ನುಗ್ಗಿತು. ಅಲ್ಲಿಯವರೆಗೆ ಲೋಕದ ಯಾವ ನಾಯಿಯ ಬಾಲವೂ ಕುಣಿದಿರಲಿಲ್ಲ. ಒಣಕಟ್ಟಿಗೆಯಂತೆ ಸುಮ್ಮನೆ ಜೋತುಬಿದ್ದಿರುತ್ತಿತ್ತು. ಈಗ ತುದಿ ಅಲ್ಲಾಡಿತು. ಅರ್ಧ ಅಲ್ಲಾಡಿತು. ಆಮೇಲೆ ಇಡೀ ಬಾಲ ಆಚೆಗೆ ಈಚೆಗೆ, ಆಚೆಗೆ ಈಚೆಗೆ!

"ಅಕ್ಕಾ! ಬಾಲ ಕುಣೀತೂ!" ದುರುಗ ತಡೆಯಲಾರದೆ ಕಿರುಚಿಯೇ ಬಿಟ್ಟ. ಆದರೆ ತೇಲಣ್ಣ ಓಡಲಿಲ್ಲ. ಅವನ ಮಡಿಲಿಗೇ ಹತ್ತಿತು!

ಅಪ್ಪನ ಕೈಯಿಂದ ಹಗ್ಗ ಜಾರಿತು. ಅವನು ಮೆಲ್ಲಗೆ ಮೊಣಕಾಲೂರಿ ಕೂತು, ತನ್ನ ಒರಟು ಅಂಗೈಯನ್ನೂ ಚಾಚಿದ. ತೇಲಣ್ಣ ಅದನ್ನು ಬಹಳ ಹೊತ್ತು ಮೂಸಿತು. ಬಾಲ ಮತ್ತೆ ಕುಣಿಯಿತು.

ಗಾಳಿ ನಿಲ್ಲುತ್ತದೆಯೇ? ಸುದ್ದಿ ಹೊತ್ತು ಕಾಡಿಗೆ ಓಡಿತು, ಬೆಟ್ಟಕ್ಕೆ ಓಡಿತು, ನಾಯಿಗಳಿಗೆಲ್ಲ ಹೇಳಿತು. ಒಂದೊಂದೇ ನಾಯಿ ಮೂಗು ಎತ್ತಿಕೊಂಡು ಊರಿನ ಕಡೆ ಹೊರಟಿತು.

ಅದಕ್ಕೇ ಪುಟ್ಟಾ, ಇವತ್ತಿಗೂ ಹೊಸ ನಾಯಿಯ ಎದುರು ನೀನು ಸುಮ್ಮನೆ ಕೂತು ಕೈ ಚಾಚಿದರೆ, ಅದು ಮೊದಲು ನಿನ್ನ ಬೆರಳು ಮೂಸುತ್ತದೆ, ಆಮೇಲೆ ಖುಷಿಯನ್ನೆಲ್ಲ ಬಾಲಕ್ಕೆ ಕಳಿಸಿ ಕುಣಿಸುತ್ತದೆ.